ತಿದ್ದಿದ ಷಡ್ಜ

ನಮ್ಮ ಮನೆಯ ಹಿತ್ತಲ ಬದಿಗೆ ಒಂದು ಸಣ್ಣ ಕೋಣೆಯಿದೆ. ಅಪ್ಪ ಇದ್ದಾಗ ಅದರಲ್ಲಿ ಜೋಳದ ಚೀಲ, ತಗಡಿನ ಟ್ರಂಕು, ಕಾಲು ಮುರಿದ ತೊಟ್ಟಿಲು ಇರುತ್ತಿದ್ದವು. ಈಗ ಅಲ್ಲಿ ನಾನಿರುತ್ತೇನೆ. ನಾಲ್ಕು ಗೋಡೆಗೂ ಅವ್ವ ಹೊಲಿದ ಕೌದಿಗಳನ್ನು ಮೊಳೆ ಹೊಡೆದು ಇಳಿಬಿಟ್ಟಿದ್ದೇನೆ. ಕಿಟಕಿಗೆ ಹಳೆಯ ಗಾದಿಯೊಂದನ್ನು ಅಡ್ಡ ನಿಲ್ಲಿಸಿದ್ದೇನೆ. ಹೊಸಬರು ಯಾರಾದರೂ ಒಳಗೆ ಇಣುಕಿದರೆ, ಬ್ಯಾಂಕಿನಿಂದ ನಿವೃತ್ತನಾದ ಈ ಧಾರವಾಡದ ಮನುಷ್ಯ ಹಾಸಿಗೆ ವ್ಯಾಪಾರಕ್ಕೆ ಇಳಿದನೇ ಎಂದು ಅನುಮಾನಪಡುತ್ತಾರೆ. ವ್ಯಾಪಾರವಲ್ಲ, ಚಟ. ಮನೆಯಲ್ಲೇ ಹಾಡು ಮುದ್ರಿಸಿಕೊಳ್ಳುವ ಚಟ. ಬರಿಗೋಡೆಗೆ ಬಡಿದ ದನಿ ತಿರುಗಿ ಬಂದು ಮೂಲ ದನಿಯನ್ನು ಕಲಸಿಬಿಡುತ್ತದೆ. ಪಟ್ಟಣದ ಸ್ಟುಡಿಯೋಗಳಲ್ಲಿ ಅದನ್ನು ತಡೆಯಲು ಸಾವಿರಾರು ರೂಪಾಯಿಯ ಫೋಮು ಅಂಟಿಸುತ್ತಾರೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ ಆ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತದೆ.

ನಾನು ಗಾಯಕನಲ್ಲ. ಪೇಟಿ ಬಾರಿಸುತ್ತೇನೆ. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಓಣಿಯ ಭಜನೆಯಲ್ಲಿ ಕೂತು ಬಾರಿಸುವಷ್ಟು ಬರುತ್ತದೆ, ಕಛೇರಿಯಲ್ಲಿ ಕೂತು ಬಾರಿಸುವಷ್ಟು ಬರುವುದಿಲ್ಲ. ಪೇಟಿ ಅಪ್ಪನದು. ಜೊತೆಗೆ ಮಿರಜದಿಂದ ತಂದ ಒಂದು ತಂಬೂರಿ ಇದೆ. ಅದರ ಬುರುಡೆ ಒಮ್ಮೆ ಬಿರುಕು ಬಿಟ್ಟು, ಮಿರಜಕ್ಕೇ ಹೋಗಿ ದುರಸ್ತಿಯಾಗಿ ಬಂದಿದೆ. ಶ್ರುತಿ ಮಾಡುವ ತಾಳ್ಮೆ ಇಲ್ಲದ ದಿನಗಳಿಗೆಂದು ಒಂದು ಎಲೆಕ್ಟ್ರಾನಿಕ್ ತಂಬೂರಿಯೂ ಇದೆ. ನಿವೃತ್ತಿಯ ಹಣದಲ್ಲಿ 2014ರಲ್ಲಿ ಒಂದು ಕಂಪ್ಯೂಟರು, ಮೈಕಿನ ದನಿಯನ್ನು ಕಂಪ್ಯೂಟರಿಗೆ ಅಂಕಿಗಳಾಗಿಸಿ ಕೊಡುವ ಕೈಯಗಲದ ಪೆಟ್ಟಿಗೆ, ಒಂದು ಕಂಡೆನ್ಸರ್ ಮೈಕು, ಕಿವಿ ಮುಚ್ಚುವ ಹೆಡ್‌ಫೋನು ಕೊಂಡೆ. ಈ ಮೈಕು ವಿಚಿತ್ರ ಪ್ರಾಣಿ. ತಂತಿಯ ಮೂಲಕವೇ ಅದಕ್ಕೆ 48 ವೋಲ್ಟ್ ಉಣಿಸಬೇಕು. ಉಂಡ ಋಣಕ್ಕೆ ಅದು ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ: ಫ್ಯಾನಿನ ಗಾಳಿ, ಪಕ್ಕದ ಮನೆಯ ಮಿಕ್ಸರು, ಹಾಡುವವರು ಉಗುಳು ನುಂಗಿದ್ದು. ಆದ್ದರಿಂದ ಮುದ್ರಣದ ಹೊತ್ತಿನಲ್ಲಿ ಫ್ಯಾನು ಬಂದ್, ಕಿಟಕಿ ಬಂದ್, ಏಪ್ರಿಲ್ ಮೇ ತಿಂಗಳಲ್ಲಾದರೆ ಬೆವರಿನ ಸ್ನಾನ. ನನ್ನ ಹೆಂಡತಿ ಇದನ್ನು "ತಪಸ್ಸು" ಎನ್ನುತ್ತಾಳೆ. ಹೊಗಳಿಕೆಯ ಧಾಟಿಯಲ್ಲಿ ಅಲ್ಲ.

ಇಷ್ಟು ಸಾಮಾನಿನ ವರ್ಣನೆ ಯಾಕೆಂದರೆ, ಈ ಸಾಮಾನುಗಳು ನನ್ನನ್ನು ಒಂದು ಪ್ರಶ್ನೆಯ ಮುಂದೆ ತಂದು ನಿಲ್ಲಿಸಿದವು. ಪ್ರಶ್ನೆ ಸಣ್ಣದು. ಇನ್ನೊಬ್ಬರ ತಪ್ಪನ್ನು, ಅವರಿಗೆ ಹೇಳದೆ, ಅವರ ಒಳ್ಳೆಯದಕ್ಕೇ ತಿದ್ದುವುದು ಸರಿಯೋ ತಪ್ಪೋ?

ನನ್ನ ಮೊದಲ ಯಂತ್ರ 1979ರಲ್ಲಿ ಹುಬ್ಬಳ್ಳಿಯಿಂದ ತಂದ ಒಂದು ಕ್ಯಾಸೆಟ್ ರೆಕಾರ್ಡರು. ಮುಂಭಾಗದಲ್ಲಿ ಪಿಯಾನೋ ಮನೆಗಳ ಹಾಗೆ ಸಾಲಾಗಿ ಗುಂಡಿಗಳು. ಅದರಲ್ಲಿ ಒಂದು ಕೆಂಪು. ಕೆಂಪನ್ನೂ ಅದರ ಪಕ್ಕದ್ದನ್ನೂ ಒಟ್ಟಿಗೆ ಒತ್ತಿದರೆ ಮುದ್ರಣ. ಆ ಯಂತ್ರಕ್ಕೆ ಎರಡೇ ಶಕ್ತಿ ಇದ್ದವು: ಉಳಿಸುವುದು, ಅಳಿಸುವುದು. ಉಳಿಸಬೇಕೆಂದರೆ ಕ್ಯಾಸೆಟ್ಟಿನ ಬೆನ್ನಿನ ಮೇಲಿನ ಪ್ಲಾಸ್ಟಿಕ್ ಕಿವಿಯನ್ನು ಮುರಿಯಬೇಕು. ಆಗ ಕೆಂಪು ಗುಂಡಿ ಕೆಳಗೆ ಇಳಿಯುತ್ತಿರಲಿಲ್ಲ. ಮನಸ್ಸು ಬದಲಾದರೆ ಆ ತೂತಿನ ಮೇಲೆ ಅಂಟುಪಟ್ಟಿ ಹಚ್ಚಿ ಮತ್ತೆ ಮುದ್ರಿಸಬಹುದಿತ್ತು. ನಮ್ಮ ಪ್ರತಿಜ್ಞೆಗಳ ಹಾಗೆಯೇ. ಆದರೆ ಒಮ್ಮೆ ಹಾಡಿದ್ದನ್ನು ತಿದ್ದುವುದು ಮಾತ್ರ ನನ್ನಂಥವನಿಂದ ಸಾಧ್ಯವಿರಲಿಲ್ಲ. ತಪ್ಪಿತೇ, ಮೊದಲಿಂದ ಮತ್ತೊಮ್ಮೆ ಹಾಡಬೇಕು. ಇಲ್ಲವೇ ತಪ್ಪಿನ ಸಮೇತ ಇಟ್ಟುಕೊಳ್ಳಬೇಕು.

ಕಂಪ್ಯೂಟರು ಕೊಟ್ಟದ್ದು ಮೂರನೆಯ ಶಕ್ತಿ. ಸಿ.ಡಿ.ಯ ಅಳತೆಯಲ್ಲಿ ಮುದ್ರಿಸಿದರೆ ಅದು ಒಂದು ಸೆಕೆಂಡಿನ ದನಿಯನ್ನು 44,100 ಸಲ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ಅಂಕಿಯಾದ ಮೇಲೆ ಲೆಕ್ಕ. ಲೆಕ್ಕವಾದ ಮೇಲೆ ಹೆಚ್ಚುಕಡಿಮೆ ಮಾಡುವುದು ಎಷ್ಟರ ಮಾತು? ಬ್ಯಾಂಕಿನಲ್ಲಿ ಮೂವತ್ತು ವರ್ಷ ಅಂಕಿಗಳ ನಡುವೆ ಕಳೆದವನಿಗೆ ಇದು ಬೇಗ ಅರ್ಥವಾಯಿತು. ಹಾಡಿದವರ ಸ್ವರವನ್ನು ತೆರೆಯ ಮೇಲೆ ಒಂದು ಗೆರೆಯಾಗಿ ಬಿಡಿಸಿ ತೋರಿಸುವ ತಂತ್ರಾಂಶಗಳಿವೆ. ಗೆರೆ ತಗ್ಗಿದ್ದರೆ ಎಳೆದು ಮೇಲೆ ಕೂಡಿಸಬಹುದು. ಈ ವಿದ್ಯೆಯನ್ನು ಜಗತ್ತಿಗೆ ಹರಡಿದ ಆಟೋಟ್ಯೂನ್ ಎಂಬ ತಂತ್ರಾಂಶ 1997ರಲ್ಲಿ ಬಂತು. ಅದನ್ನು ರೂಪಿಸಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮೊದಲು ಎಣ್ಣೆ ಹುಡುಕುವ ಉದ್ಯಮದಲ್ಲಿದ್ದವರು. ಭೂಮಿಯೊಳಕ್ಕೆ ಹೋಗಿ ಮರಳಿ ಬರುವ ಕಂಪನಗಳಿಂದ ನೆಲದಡಿ ಏನಿದೆ ಎಂದು ಲೆಕ್ಕ ಹಾಕುವ ಗಣಿತವನ್ನೇ ಅವರು ಮನುಷ್ಯನ ಗಂಟಲಿಗೆ ತಿರುಗಿಸಿದರು.

ಈ ತಂತ್ರಾಂಶಗಳನ್ನು ಅವುಗಳ ಪಾಡಿಗೆ ಬಿಟ್ಟರೆ ಅವು ಸ್ವರವನ್ನು ಒಯ್ದು ಕೂಡಿಸುವುದು ಪಿಯಾನೋದ ಮನೆಗಳಲ್ಲಿ. ಅಂದರೆ ನನ್ನ ಪೇಟಿಯ ಮನೆಗಳಲ್ಲಿ. ಒಂದು ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ, ಒಂದೊಂದಕ್ಕೂ ನೂರು ಸೆಂಟ್ ಎಂದು ಲೆಕ್ಕವಿಟ್ಟಿದ್ದಾರೆ. ಆ ಲೆಕ್ಕದಲ್ಲಿ ಶುದ್ಧ ಗಾಂಧಾರ ಷಡ್ಜದಿಂದ 400 ಸೆಂಟ್ ಮೇಲಿದೆ. ಆದರೆ ತಂಬೂರಿಯ ಖರ್ಜದ ತಂತಿಯೊಳಗಿಂದ ತಾನಾಗಿ ಎದ್ದು ಕೇಳಿಸುವ ಗಾಂಧಾರ ಇರುವುದು 386ರಲ್ಲಿ. ಈ 14 ಸೆಂಟಿನ ಕೂದಲೆಳೆಯ ಅಂತರ ಪಳಗಿದ ಕಿವಿಗೆ ಚುಚ್ಚುತ್ತದೆ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ಹೊರಗಿಟ್ಟದ್ದಕ್ಕೆ ಇದೂ ಒಂದು ಕಾರಣ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು ಅದರಲ್ಲಿ ಬರುವುದಿಲ್ಲ ಎಂಬುದು ಇನ್ನೊಂದು. ನಾನು ಪೇಟಿಯವನು. ಇಂಥ ಮಾತು ಕೇಳಿ ಕೇಳಿ ಚರ್ಮ ದಪ್ಪವಾಗಿದೆ. ಸ್ವರವೆಂದರೆ ಮನೆ, ಮನೆಯೆಂದರೆ ಒಂದೇ ಜಾಗ ಎಂಬ ನಂಬಿಕೆ ನನ್ನ ಬೆರಳುಗಳಲ್ಲಿ ಕೂತಿದೆ. ನಾನು ಮಾಡಿದ ಕೆಲಸಕ್ಕೆ ಅದೂ ಸ್ವಲ್ಪ ಕಾರಣವಿರಬೇಕು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಹದಿನಾಲ್ಕನೆಯ ವಯಸ್ಸಿನಿಂದ ಐದು ವರ್ಷ ಧಾರವಾಡದಲ್ಲೇ ಹಾಡಿಕೆ ಕಲಿತಳು. ನನಗೆ ಸಂಗೀತದ ಹುಚ್ಚು ಹತ್ತಿದ್ದು ಅವಳ ಪಾಠವನ್ನು ಬಾಗಿಲ ಮರೆಯಿಂದ ಕೇಳಿ. 1967ರಲ್ಲಿ ಮದುವೆಯಾಗಿ ಗದಗಿನ ಹತ್ತಿರದ ಒಂದು ಹಳ್ಳಿಗೆ ಹೋದಳು. ಅಲ್ಲಿ ಒಕ್ಕಲುತನದ ದೊಡ್ಡ ಮನೆ. ಯಾರೂ ಹಾಡಬೇಡ ಎನ್ನಲಿಲ್ಲ, ಯಾರೂ ಹಾಡು ಎನ್ನಲೂ ಇಲ್ಲ. ತೊಟ್ಟಿಲು ತೂಗುವಾಗ ಹಾಡಿದ್ದೇ ಅವಳ ಕಛೇರಿ. ಅವಳ ಮಕ್ಕಳಿಬ್ಬರೂ ಅಕ್ಕಮಹಾದೇವಿಯ ಒಂದು ವಚನವನ್ನು ಕೇಳುತ್ತ ನಿದ್ದೆಹೋದವರು. ಗುರುಗಳು ಅದನ್ನು ಭೂಪ ರಾಗದಲ್ಲಿ ಕೂಡಿಸಿ ಕೊಟ್ಟಿದ್ದರು.

2018ರ ಪಂಚಮಿಗೆ ಅಕ್ಕ ತವರಿಗೆ ಬಂದಳು. ಅವ್ವ ಅಪ್ಪ ಇಲ್ಲದ ತವರು. ಆದರೂ ಬರುತ್ತಾಳೆ. ಆಗ ಅವಳಿಗೆ ಎಪ್ಪತ್ತು. ಕೌದಿ ಕೋಣೆಯನ್ನು ನೋಡಿ, "ಅವ್ವನ ಕೌದಿ ಹೊದ್ದಕೊಳ್ಳೋದು ಬಿಟ್ಟು ಗ್ವಾಡಿಗೆ ಹೊದ್ದಿಸೀಯಲ್ಲೋ" ಎಂದು ನಕ್ಕಳು. ನಾನು ಬಲವಂತ ಮಾಡಿ ಮೈಕಿನ ಮುಂದೆ ಕೂಡಿಸಿದೆ. ಹುಡುಗಿಯಾಗಿದ್ದಾಗ ಕಪ್ಪು ಐದರ ಶ್ರುತಿಯಲ್ಲಿ ಹಾಡುತ್ತಿದ್ದವಳಿಗೆ ಈಗ ಕಪ್ಪು ಮೂರು ಬೇಕಾಯಿತು. ತಂಬೂರಿ ಶ್ರುತಿ ಮಾಡಿ ಕೊಟ್ಟೆ. ತಾನೇ ಮೀಟುತ್ತ, ಕಣ್ಣು ಮುಚ್ಚಿ, ಆ ವಚನವನ್ನು ಹಾಡಿದಳು. ಒಂಬತ್ತು ನಿಮಿಷ. ನಡುವೆ ಅಡಿಗೆಮನೆಯ ಕುಕ್ಕರು ಒಂದು ಸೀಟಿ ಹೊಡೆಯಿತು. ಇನ್ನೊಮ್ಮೆ ಹಾಡು ಎಂದರೆ, "ಸಾಕು, ದಮ್ಮು ಇಲ್ಲ" ಎಂದು ಎದ್ದಳು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಹೆಡ್‌ಫೋನು ಹಾಕಿಕೊಂಡು ಕೇಳಿದೆ. ದನಿ ತುಸು ಒಡೆದಿತ್ತು. ಆದರೂ ಗಾಂಧಾರದ ಮೇಲೆ ನಿಲ್ಲುವಾಗ ಹಳೆಯ ಅಕ್ಕನೇ. ವಚನದ ಕೊನೆಗೆ, ಧೈವತದಿಂದ ತಾರ ಷಡ್ಜಕ್ಕೆ ಏರುವ ಜಾಗ ಮೂರು ಸಲ ಬರುತ್ತದೆ. ಮೂರು ಸಲವೂ ಷಡ್ಜ ಹತ್ತಲಿಲ್ಲ. ಸಮೀಪ ಹೋಗಿ, ತುಸು ಕೆಳಗೇ ನಿಂತು, ಮೆಲ್ಲಗೆ ಧೈವತಕ್ಕೆ ಜಾರಿ ಬರುತ್ತಿದ್ದಳು. ತೆರೆಯ ಮೇಲೆ ನೋಡಿದರೆ 40 ಸೆಂಟ್ ತಗ್ಗು. ನನಗೆ ಸಂಕಟವಾಯಿತು. ಇಷ್ಟು ಚೆಂದದ ಹಾಡಿಕೆಗೆ ಇದೊಂದು ಕಲೆ ಯಾಕೆ ಎನಿಸಿತು. ಮೂರು ಗೆರೆಗಳನ್ನೂ ಎಳೆದು ಷಡ್ಜದ ಮನೆಯಲ್ಲಿ ಕೂಡಿಸಿದೆ. ಜಾರುವಿಕೆ ಅಡ್ಡ ಬರುತ್ತಿತ್ತು, ಅದನ್ನೂ ನೆಟ್ಟಗೆ ಮಾಡಿದೆ. ಕೈಬಿಚ್ಚಿದ ಮೇಲೆ ಗಾಂಧಾರಗಳನ್ನೂ ಯಂತ್ರದ ಲೆಕ್ಕಕ್ಕೆ ಒಪ್ಪಿಸಿದೆ. ಸೀಟಿಯನ್ನು ಮಾತ್ರ ಆ ರಾತ್ರಿ ತೆಗೆಯಲಾಗಲಿಲ್ಲ, ಹಾಗೇ ಬಿಟ್ಟೆ. ಎರಡು ಗಂಟೆಗೆ ಕೆಲಸ ಮುಗಿಸಿ, ಬೆಂಗಳೂರಿನ ಅಳಿಯನಿಗೂ ನ್ಯೂಜೆರ್ಸಿಯ ಸೊಸೆಗೂ, ಅಂದರೆ ಅಕ್ಕನ ಮಗನಿಗೂ ಮಗಳಿಗೂ, ವಾಟ್ಸಾಪಿನಲ್ಲಿ ಕಳಿಸಿ ಮಲಗಿದೆ.

ಬೆಳಿಗ್ಗೆ ಎದ್ದಾಗ ಅಳಿಯನಿಂದ ಹೊಗಳಿಕೆ ಬಂದಿತ್ತು. ಅವನ ಹೆಂಡತಿ, ಬೀಗರು, ಎಲ್ಲರೂ ಕೇಳಿ ಮೆಚ್ಚಿದ್ದರು. "ಅವ್ವ ಇಷ್ಟು ಛಲೋ ಹಾಡತಾಳಂತ ಗೊತ್ತಽ ಇರಲಿಲ್ಲ ಮಾಮಾ" ಎಂದು ಬರೆದಿದ್ದ. ನಾನು ಉಬ್ಬಿದೆ. ಸಂಜೆ ನ್ಯೂಜೆರ್ಸಿಯಿಂದ ಫೋನು ಬಂತು. ಅವಳ ದನಿಯಲ್ಲಿ ಗಾಬರಿ ಇತ್ತು.

"ಮಾಮಾ, ಅವ್ವ ಆರಾಮ ಇದ್ದಾಳಿಲ್ಲೋ? ಖರೇ ಹೇಳ್ರಿ."

"ಆರಾಮ ಇದ್ದಾಳಲ್ಲವಾ, ಯಾಕ?"

"ಹಾಡಿನಾಗ ಧ್ವನಿ ಬ್ಯಾರೇನ ಆಗೇದ. ಅವ್ವ ಹಿಂಗ ಹಾಡೂದಿಲ್ಲ."

ಆಗ ನಾನು ನಿಜ ಹೇಳಬಹುದಾಗಿತ್ತು. ಹೇಳಲಿಲ್ಲ. "ಒಂದೀಟು ನೆಗಡಿ ಆಗಿತ್ತು, ಅದಕ್ಕ ಹಂಗ ಕೇಳಸ್ತದ" ಎಂದೆ. ಹಿಂದಿನ ರಾತ್ರಿ ಮಾಡಿದ್ದು ಸುಳ್ಳೋ ಅಲ್ಲವೋ ಎಂಬುದರ ಬಗ್ಗೆ ವಾದ ಮಾಡಬಹುದು. ಇದರ ಬಗ್ಗೆ ವಾದವಿಲ್ಲ. ಇದು ಅಪ್ಪಟ ಸುಳ್ಳು. ಒಂದು ಸ್ವರವನ್ನು ನೇರ ಮಾಡಿದ್ದಕ್ಕೆ ಒಂದು ಮಾತನ್ನು ಸೊಟ್ಟ ಮಾಡಬೇಕಾಯಿತು.

ಅಕ್ಕ ಊರಿಗೆ ಹೊರಡುವ ಹಿಂದಿನ ದಿನ ಅವಳಿಗೂ ಕೇಳಿಸಿದೆ. ಸಂತೋಷಪಡುತ್ತಾಳೆ ಎಂದೇ ಎಣಿಸಿದ್ದೆ. ಹೆಡ್‌ಫೋನು ಹಾಕಿಕೊಂಡು, ತಲೆ ತಗ್ಗಿಸಿ, ಒಂಬತ್ತು ನಿಮಿಷವೂ ಕೇಳಿದಳು. ತೆಗೆದಿಟ್ಟು, "ಯಾರ್ ಹಾಡ್ಯಾರೋ ತಮ್ಮಾ ಇದು?" ಎಂದಳು.

"ನೀನಽ ಅಲ್ಲೇನ ಅಕ್ಕಾ."

"ಏ, ನಾ ಅಲ್ಲ ಬಿಡು. ಆ ಮ್ಯಾಲಿನ ಸಾ ನನಗ ಎಂದೂ ಹತ್ತಿಲ್ಲ. ಗುರುಗಳ ಮುಂದ ಹತ್ತಲಿಲ್ಲ, ಈಗ ಎಪ್ಪತ್ತಕ್ಕ ಹ್ಯಾಂಗ ಹತ್ತೀತು?"

ಕಂಪ್ಯೂಟರಿನಲ್ಲಿ ಒಂದಿಷ್ಟು ಸರಿ ಮಾಡಿದ್ದೇನೆ ಎಂದೆ. "ಸರಿ ಮಾಡಿದಿ. ಯಾರ್ನ ಕೇಳಿ ಮಾಡಿದಿ?" ಎಂದಳು. ಸಿಟ್ಟಿನಿಂದಲ್ಲ, ಮನೆಯಲ್ಲಿ ಏನೋ ಸಾಮಾನು ಸ್ಥಳ ಬದಲಾಗಿದ್ದನ್ನು ಕೇಳುವವರ ಹಾಗೆ. ಆಮೇಲೆ, ನಾನು ಐವತ್ತು ವರ್ಷದಲ್ಲಿ ಎಂದೂ ಕೇಳಿರದ ಒಂದು ಸಂಗತಿ ಹೇಳಿದಳು. ಆ ಷಡ್ಜಕ್ಕಾಗಿ ಅವಳು ಒಂದು ವರ್ಷ ಒದ್ದಾಡಿದ್ದಳಂತೆ. ಹತ್ತದಿದ್ದಾಗ ಕೂಗಿ ಮುಟ್ಟಲು ನೋಡುತ್ತಿದ್ದಳಂತೆ. ಕೊನೆಗೆ ಗುರುಗಳು, "ಒದರಬ್ಯಾಡವಾ. ಎಲ್ಲೀತನಕ ಹೋಗತೀ ಅಲ್ಲೀತನಕ ಖರೇ ಹೋಗು. ಆಮ್ಯಾಲ ಧೈವತಕ್ಕ ಇಳದು ಬಾ" ಎಂದರಂತೆ. ಅವತ್ತಿನಿಂದ ಅವಳು ಹಾಗೇ ಹಾಡುತ್ತ ಬಂದಿದ್ದಾಳೆ. ನಾನು ಕಲೆ ಎಂದು ಒರೆಸಿದ್ದು ಅವಳು ಕಲಿತ ಪಾಠವನ್ನು.

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಮನುಷ್ಯ ಎಲ್ಲವನ್ನೂ ಒಮ್ಮೆಲೇ ಬಿಟ್ಟುಕೊಡಲು ಸಿದ್ಧನಾಗುತ್ತಾನೆ. "ಹಂಗಾದ್ರ ಏನೂ ಮುಟ್ಟೂದಿಲ್ಲ ಅಕ್ಕಾ, ಕುಕ್ಕರಿನ ಸೀಟಿ ಸೈತ ಇರಲಿ" ಎಂದೆ.

"ಸೀಟಿ ಯಾಕ ಇರಬೇಕು? ಅದೇನು ನಾ ಹಾಡೀನೇನು? ಅದನ್ನ ತಗದ ಹಾಕು" ಎಂದಳು.

ಈ ಮಾತಿನ ಹಿಂದೆ ನಾನು ಬಹಳ ದಿನ ಅಲೆದಿದ್ದೇನೆ. ಮುದ್ರಣದ ಶುದ್ಧಿಯ ಬಗ್ಗೆ ಎರಡು ಪಕ್ಷಗಳಿವೆ. ಆದದ್ದು ಆದಂತೆಯೇ ಇರಬೇಕು, ಒಂದು ಕೆಮ್ಮನ್ನೂ ಮುಟ್ಟಬಾರದು ಎನ್ನುವುದು ಒಂದು. ಇನ್ನೊಂದು ಪಕ್ಷದ ದೊಡ್ಡ ವಕೀಲ ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್. ಆತ 1964ರಲ್ಲಿ, ಮೂವತ್ತೆರಡು ತುಂಬುವ ಮೊದಲೇ, ಸಭೆಯ ಮುಂದೆ ನುಡಿಸುವುದನ್ನು ಬಿಟ್ಟು ಸ್ಟುಡಿಯೋ ಸೇರಿದ. ಹಲವು ಸಲ ನುಡಿಸಿ, ಒಳ್ಳೆಯ ತುಂಡುಗಳನ್ನು ಆರಿಸಿ, ಟೇಪು ಕತ್ತರಿಸಿ ಜೋಡಿಸುವುದು ಮೋಸವಲ್ಲ, ಅದೂ ಕಲೆಯ ಭಾಗವೇ ಎಂಬುದು ಅವನ ವಾದ. ನಾನು ಮೊದಲು ಗೂಲ್ಡನ ನೆರಳಿನಲ್ಲಿ ಅವಿತುಕೊಳ್ಳಲು ನೋಡಿದೆ. ಆದರೆ ಅವನು ಕತ್ತರಿಸಿ ಜೋಡಿಸಿದ್ದು ತನ್ನ ವಾದನವನ್ನು, ತನ್ನ ತೀರ್ಮಾನದಿಂದ. ಅಕ್ಕನ ಹಾಡಿಗೆ ತೀರ್ಮಾನ ಕೊಟ್ಟವನು ನಾನು.

ನಾನು ಈ ಪ್ರಬಂಧವನ್ನೂ ಮೂರು ಸಲ ತಿದ್ದಿದ್ದೇನೆ. ಅಚ್ಚಿಗೆ ಹೋಗುವ ಮೊದಲು ಕರಡು ತಿದ್ದುವವರು ನನ್ನ ಕಾಗುಣಿತ ನೋಡುತ್ತಾರೆ. ಓದುಗರು ಯಾರೂ ಇದನ್ನು ಮೋಸ ಎನ್ನುವುದಿಲ್ಲ. ಪುಸ್ತಕವೆಂದರೆ ತಿದ್ದಿ ತೀಡಿದ ಮಾತು ಎಂಬುದು ಬರೆದವನಿಗೂ ಗೊತ್ತು, ಓದುವವರಿಗೂ ಗೊತ್ತು. ಸಿನಿಮಾ ಹಾಡಿನ ವಿಷಯವೂ ಈಗ ಹಾಗೆಯೇ ಆಗಿದೆ. ಆದರೆ ತಾಯಿ ಹಾಡಿದ್ದನ್ನು ಮಕ್ಕಳಿಗೆ ಕಳಿಸಿದರೆ ಅದು ಪುಸ್ತಕವಲ್ಲ, ಕಾಗದ. ಕ್ಷೇಮಸಮಾಚಾರದ ಕಾಗದ. ನ್ಯೂಜೆರ್ಸಿಯ ಮಗಳು ಅದನ್ನು ಹಾಗೇ ಓದಿದಳು. ಅಕ್ಷರ ಬೇರೆಯಾಗಿರುವುದನ್ನು ಕಂಡು ಅವ್ವನಿಗೆ ಏನಾಯಿತೋ ಎಂದು ಹೆದರಿದಳು. ಒಬ್ಬರ ಕಾಗದವನ್ನು ನಡುದಾರಿಯಲ್ಲಿ ಒಡೆದು, ಕಾಗುಣಿತ ತಿದ್ದಿ, ಮತ್ತೆ ಅಂಟಿಸಿ, ಅವರದೇ ರುಜುವಿನಲ್ಲಿ ಮುಟ್ಟಿಸುವ ಟಪಾಲಿನವನನ್ನು ನಾವು ಏನೆನ್ನುತ್ತೇವೆ?

ಕನ್ನಡದಲ್ಲಿ ತಿದ್ದುವುದು ಎಂಬ ಮಾತಿಗೆ ಇನ್ನೊಂದು ಅರ್ಥವಿದೆ. ಸಾಲೆಗೆ ಹೊಸದಾಗಿ ಹೋದ ಮಗು ಅಕ್ಷರ ತಿದ್ದುತ್ತದೆ. ಮಾಸ್ತರರು ಪಾಟಿಯ ಮೇಲೆ ಬರೆದ 'ಅ' ಮೇಲೆ ಮತ್ತೆ ಮತ್ತೆ ಬಳಪ ಆಡಿಸುತ್ತದೆ. ಅಲ್ಲಿ ತಿದ್ದುವವನು ತಪ್ಪು ಮಾಡುವವನೇ. ತಿದ್ದುತ್ತ ತಿದ್ದುತ್ತ ಸರಿಹೋಗುವುದು ಪಾಟಿಯ ಮೇಲಿನ ಅಕ್ಷರವಲ್ಲ, ಅದನ್ನು ಸಂಜೆಗೆ ಒರೆಸಿಬಿಡುತ್ತಾರೆ. ಸರಿಹೋಗುವುದು ಕೈ. ಸಂಗೀತವೂ ಹೀಗೆಯೇ ದಾಟಿ ಬಂದಿದೆ. ಜೈಪುರ ಘರಾಣೆಯ ಅಲ್ಲಾದಿಯಾ ಖಾನರು 1946ರಲ್ಲಿ ತೀರಿಕೊಂಡರು. ಅವರ ಹಾಡಿಕೆಯ ಧ್ವನಿಮುದ್ರಿಕೆ ನಮಗೆ ಒಂದೂ ಉಳಿದಿಲ್ಲ. ಆದರೂ ಆ ಗಾಯಕಿ ನಮ್ಮ ಧಾರವಾಡದ ಓಣಿಗಳವರೆಗೆ ಬಂತು. ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರು ಮಲ್ಲಿಕಾರ್ಜುನ ಮನಸೂರರನ್ನು ಕೂಡಿಸಿಕೊಂಡು ಕಲಿಸಿದ್ದರಿಂದ ಬಂತು. ಅಲ್ಲಿ ಪ್ರತಿ ತಿದ್ದುಪಡಿಯೂ ಹಾಡುವವರ ಗಂಟಲಿನ ಮೂಲಕವೇ ಹಾದು ಹೋಗಬೇಕಿತ್ತು. ನನ್ನ ಕಂಪ್ಯೂಟರು ಹಾಡನ್ನು ತಿದ್ದಿತು. ಹಾಡುವವಳಿಗೆ ಅದರ ಸುದ್ದಿಯೇ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಉದ್ದೇಶದ ಮಾತನ್ನೂ ಹೇಳಬೇಕು. ಪ್ರೀತಿಯಿಂದ ತಿದ್ದಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಪ್ರೀತಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ರಾತ್ರಿ ಎರಡು ಗಂಟೆಯವರೆಗೆ ನನ್ನನ್ನು ಎಚ್ಚರವಾಗಿಟ್ಟದ್ದು ಅದೊಂದೇ ಅಲ್ಲ. ನನ್ನ ಕೋಣೆಯಿಂದ, ನನ್ನ ಮೈಕಿನಿಂದ ಹೊರಗೆ ಹೋಗುವ ಹಾಡು ನಿರ್ದೋಷವಾಗಿ ಕೇಳಿಸಬೇಕು ಎಂಬ ಆಸೆ. ಅಳಿಯನ ಹೊಗಳಿಕೆ ಓದಿ ಉಬ್ಬಿದವನು ನಾನು ತಾನೆ? ಹೊಗಳಿದ್ದು ಅಕ್ಕನನ್ನು. ನಾನೇಕೆ ಉಬ್ಬಬೇಕಿತ್ತು? ಲೋಕದ ಡೊಂಕನ್ನು ತಿದ್ದಲು ಹೊರಟವರಿಗೆ ಬಸವಣ್ಣನವರು ಹಾಕಿದ ಸವಾಲು ನಮ್ಮ ಕಡೆಯ ಮಕ್ಕಳಿಗೂ ಬಾಯಿಪಾಠ. ನನಗೂ ಬಾಯಿಪಾಠವಿತ್ತು. ಬಾಯಿಗೆ ಬಂದದ್ದೆಲ್ಲ ಕೈಗೆ ಬರುವುದಿಲ್ಲ.

ತಪ್ಪೂ ಮನುಷ್ಯನದೇ ಸ್ವತ್ತು ಎಂದರೆ ಅತಿಯಾದೀತು. ಎಲ್ಲ ತಪ್ಪುಗಳೂ ಹಾಗಲ್ಲ. ಅಕ್ಕನೇ ಬಂದು "ಅಲ್ಲೊಂದು ಅಕ್ಷರ ನುಂಗೀನಿ, ಸರಿ ಮಾಡು" ಎಂದಿದ್ದರೆ ಮಾಡುತ್ತಿದ್ದೆ, ಮಾಡಬೇಕು ಕೂಡ. ನನ್ನ ಪೇಟಿಯ ಎಡವಟ್ಟುಗಳನ್ನು ಈಗಲೂ ತಿದ್ದುತ್ತೇನೆ, ಹಾಗೆಂದು ಹೇಳುತ್ತೇನೆ. ಗೆರೆ ಎಳೆಯಬೇಕಾದದ್ದು ತಿದ್ದುವುದಕ್ಕೂ ತಿದ್ದದಿರುವುದಕ್ಕೂ ನಡುವೆ ಅಲ್ಲ. ಯಾವುದು ತನ್ನದು, ಯಾವುದು ತನ್ನದಲ್ಲ ಎಂದು ಹೇಳುವ ಹಕ್ಕು ಹಾಡಿದವರಿಗಿರಬೇಕು. ಹತ್ತದ ಷಡ್ಜ ತನ್ನದು, ಕುಕ್ಕರಿನ ಸೀಟಿ ತನ್ನದಲ್ಲ ಎಂದು ಅಕ್ಕ ಒಂದೇ ಉಸಿರಿನಲ್ಲಿ ಗೆರೆ ಎಳೆದಳು. ಯಂತ್ರಕ್ಕೆ ಎರಡೂ ಬರೀ ಅಂಕಿಗಳು. ಅವತ್ತು ನನಗೂ ಅಷ್ಟೇ ಆಗಿದ್ದವು. ಈಗಂತೂ ಒಬ್ಬರ ದನಿಯ ಸಣ್ಣ ಮಾದರಿ ಸಿಕ್ಕರೆ ಅವರು ಎಂದೂ ಹಾಡದ ಹಾಡನ್ನೂ ಅವರ ದನಿಯಲ್ಲೇ ಹಾಡಿಸುವ ತಂತ್ರಾಂಶಗಳು ಬಂದಿವೆ. ಮೂರು ಷಡ್ಜಗಳ ನನ್ನ ಅಪರಾಧ ಅದರ ಮುಂದೆ ಸಾಸಿವೆಯಷ್ಟು. ಆದರೆ ಜಾತಿ ಅದೇ.

ಅಕ್ಕ ಊರಿಗೆ ಹೋದ ಮೇಲೆ ಅಟ್ಟದಿಂದ ಹಳೆಯ ಕ್ಯಾಸೆಟ್ಟುಗಳ ಡಬ್ಬಿ ಇಳಿಸಿದೆ. 1979ರ ಪಂಚಮಿಗೆ ಬಂದಾಗ ಅವಳು ಅದೇ ವಚನ ಹಾಡಿದ್ದು, ನಾನು ಹೊಸ ಯಂತ್ರದ ಹುರುಪಿನಲ್ಲಿ ಮುದ್ರಿಸಿದ್ದು ನೆನಪಿತ್ತು. ರೆಕಾರ್ಡರಿನ ರಬ್ಬರ್ ಪಟ್ಟಿ ಕರಗಿ ಡಾಂಬರಿನಂತೆ ಅಂಟಿಕೊಂಡಿತ್ತು. ಅದನ್ನು ಕೆರೆದು ತೆಗೆದು, ಹೊಸ ಪಟ್ಟಿ ಹಾಕಿಸಿ, ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ ಒರೆಸಿ, ಪೆನ್ಸಿಲ್ಲಿನಿಂದ ಸುರುಳಿ ಬಿಗಿ ಮಾಡಿ ಹಾಕಿದೆ. ಮಳೆಯ ಸದ್ದಿನಂಥ ಗುಯ್‌ಗುಟ್ಟುವಿಕೆಯ ಹಿಂದಿನಿಂದ ಮೂವತ್ತೊಂದು ವರ್ಷದ ಅಕ್ಕ ಹಾಡಿದಳು. ಗಟ್ಟಿ ದನಿ, ಉದ್ದ ಉಸಿರು. ಧೈವತದಿಂದ ಏರಿದಳು. ಷಡ್ಜದ ಬಾಗಿಲ ತನಕ ಹೋದಳು. ಅಲ್ಲಿಯೇ ತುಸು ನಿಂತು ಇಳಿದು ಬಂದಳು. ಅಂದೂ ಹತ್ತಿರಲಿಲ್ಲ. ನಾನು ವಯಸ್ಸಿನ ದೋಷ ಎಂದುಕೊಂಡದ್ದು ವಯಸ್ಸಿನದಲ್ಲ.

ಆಮೇಲೂ ಮೂರು ತಿಂಗಳು ನಾನು ಸುಮ್ಮನಿದ್ದೆ. ನೆಗಡಿಯ ಸುಳ್ಳು ಗಂಟಲಲ್ಲಿ ಕೂತಿತ್ತು. ದೀಪಾವಳಿಯ ಹೊತ್ತಿಗೆ ಸೊಸೆಗೆ ಫೋನು ಮಾಡಿ ನಡೆದದ್ದನ್ನು ಹೇಳಿದೆ. ತಿದ್ದದ ಹಾಡನ್ನು ಕಳಿಸಿದೆ. ಸ್ವಲ್ಪ ಹೊತ್ತು ಬಿಟ್ಟು, "ಹಾಂ, ಇದು ಅವ್ವ" ಎಂದು ಎರಡೇ ಮಾತು ಬರೆದಳು. ನೆಗಡಿಯ ವಿಷಯ ಎತ್ತಲಿಲ್ಲ. ಬೆಂಗಳೂರಿನ ಅಳಿಯನಿಗೂ ಕಳಿಸಿದೆ. ಅವನು ಎರಡನ್ನೂ ಕೇಳಿ, "ಮೊದಲಿಂದಽ ಛಲೋ ಇತ್ತು ಬಿಡ್ರಿ ಮಾಮಾ" ಎಂದ. ಅವನ ಫೋನಿನಲ್ಲಿ ಇಂದಿಗೂ ಅದೇ ಇದೆ. ಬಂದವರಿಗೆ ಅದನ್ನೇ ಕೇಳಿಸುತ್ತಾನೆ. ನಾನು ಬೇಡ ಎನ್ನಲಾರೆ. ಕೊಟ್ಟವನೇ ನಾನು. ಕ್ಯಾಸೆಟ್ಟಾಗಿದ್ದರೆ ಕೇಳಿ ಇಸಿದುಕೊಂಡು ಬರಬಹುದಿತ್ತು. ಇದು ಎಷ್ಟು ಕೈಗಳಿಗೆ ಹೋಗಿದೆಯೋ. ಮುಂದೊಂದು ದಿನ ಅಕ್ಕನ ಮೊಮ್ಮಕ್ಕಳು ಅಜ್ಜಿಯ ಹಾಡೆಂದು ಯಾವುದನ್ನು ಕೇಳುತ್ತಾರೆ ಎಂಬುದು ನನ್ನ ಕೈಯಲ್ಲಿ ಇಲ್ಲ.

ಮರುವರ್ಷ ಅಕ್ಕ ಬಂದಾಗ ಅವಳಿಗೆ ಗೌಹರ್ ಜಾನಳ ಕಥೆ ಹೇಳಿದೆ. 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯವರು ಅವಳ ಹಾಡು ಮುದ್ರಿಸಿದರು. ಆಗಿನ ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಯಾವುದು ಎಂದು ತಿಳಿಯಲೆಂದು ಹಾಡಿನ ಕೊನೆಗೆ ಅವಳು ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಹಾಡಿಗೆ ಹಾಡಿದವಳ ರುಜು. ಅಕ್ಕನಿಗೆ ಈ ಕಥೆ ಬಹಳ ಹಿಡಿಸಿತು. "ನಂದರಾಗೂ ಹಂಗ ಹಾಕು" ಎಂದಳು. ಕೌದಿ ಕೋಣೆಯಲ್ಲಿ ಮತ್ತೆ ಫ್ಯಾನು ಬಂದ್ ಮಾಡಿ ಮೈಕು ಹಚ್ಚಿದೆ. ಗಂಟಲು ಸರಿಮಾಡಿಕೊಂಡು ಹೆಸರು ಹೇಳಿದಳು, ಊರು ಹೇಳಿದಳು. ಮುಗಿಯಿತು ಎಂದು ನಾನು ನಿಲ್ಲಿಸಲು ಹೋಗುವಷ್ಟರಲ್ಲಿ, "ಇದನ್ನ ಹಾಡಿದಾಕಿ ನಾನಽ. ಮ್ಯಾಲಿನ ಸಾ ಹತ್ತಿಲ್ಲ" ಎಂದು ಸೇರಿಸಿ, ನಕ್ಕಳು.

ಆ ಹತ್ತು ಸೆಕೆಂಡನ್ನು ಹಿಂದಿನ ವರ್ಷದ ಹಾಡಿನ ಕೊನೆಗೆ ಅಂಟಿಸಿದ್ದೇನೆ. ಸೀಟಿ ತೆಗೆದಿದ್ದೇನೆ. ಎರಡೂ ತಿದ್ದುಪಡಿಗಳೇ. ಕೇಳಿಯೇ ಮಾಡಿದ್ದು.